ಪುಟ್ಟಿಯ ವಿಷಯವಾಗಿ ಅಕ್ಕನಿಗೆ

ಪ್ಯಾರಿಸ್
ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ ನಮಸ್ಕಾರ. ಭಾವನವರಿಗೂ ಅಜ್ಜಿಗೂ ತಿಳಿಸು. ನಾನಿಲ್ಲಿ ಕ್ಷೇಮ. ಚಳಿ ಇದೆ, ಸ್ವೆಟರೂ ಇದೆ, ಹೊತ್ತುಹೊತ್ತಿಗೆ ಊಟ ಮಾಡುತ್ತಿದ್ದೇನೆ. ಇನ್ನು ಆ ಪ್ರಶ್ನೆ ಬೇಡ.

ಬಸ್ ಸ್ಟಾಪಿನಲ್ಲಿ ಯಾರೋ ಪುಟ್ಟಿಗೆ ಮಾಡೆಲಿಂಗ್ ಏಜೆನ್ಸಿಯ ಕಾರ್ಡ್ ಕೊಟ್ಟರು, ಶನಿವಾರದೊಳಗೆ ಪೋರ್ಟ್‌ಫೋಲಿಯೋಗೆ, ಅಂದರೆ ಅವಳ ಫೋಟೋ ಆಲ್ಬಮ್ಮಿಗೆ, ಮುಂಗಡ ಕಟ್ಟಬೇಕು ಅಂದಿದ್ದಾರೆ ಅಂತ ಬರೆದಿದ್ದೀಯಲ್ಲ, ಕಟ್ಟಬೇಡ. ಅರ್ಧವೂ ಬೇಡ, ಕಂತಿನಲ್ಲೂ ಬೇಡ. ನಿಜವಾದ ಏಜೆನ್ಸಿಗೆ ದುಡ್ಡು ಬರುವುದು ಹುಡುಗಿಗೆ ಕೆಲಸ ಸಿಕ್ಕಮೇಲೆ, ಅದರ ಕಮಿಷನ್ನಿನಿಂದ. ಮೊದಲೇ ಹುಡುಗಿಯ ಮನೆಯಿಂದ ವಸೂಲಿ ಆಯಿತೆಂದರೆ ಆಮೇಲೆ ಅವಳಿಗೆ ಕೆಲಸ ಹುಡುಕುವ ದರ್ದು ಅವರಿಗೇನಿದೆ? ನ್ಯೂಯಾರ್ಕಿನಲ್ಲಿ 2025ರ ಜೂನ್‌ನಿಂದ ಇದಕ್ಕೆ ಕಾನೂನೇ ಬಂದಿದೆ: ಸೇರಿಸಿಕೊಳ್ಳಲು ಫೀಸು, ಡೆಪಾಸಿಟ್ಟು ಕೇಳುವಂತಿಲ್ಲ, ಕಮಿಷನ್ 20 ಪರ್ಸೆಂಟ್ ಮೀರುವಂತಿಲ್ಲ. ‘ಶನಿವಾರದೊಳಗೆ’ ಎಂಬ ಮಾತೇ ನನಗೆ ಸರಿ ಕಾಣಲಿಲ್ಲ. ಒಳ್ಳೆಯ ಮುಖ ಕಂಡವರು ವರ್ಷಗಟ್ಟಲೆ ಕಾಯುತ್ತಾರೆ.

ಬಸ್ ಸ್ಟಾಪಿನಲ್ಲಿ ಕಾರ್ಡ್ ಕೊಟ್ಟರು ಎಂಬುದರಲ್ಲಿ ತಪ್ಪೇನೂ ಇಲ್ಲ, ಹುಡುಗಿಯರು ಸಿಗುವುದೇ ಹಾಗೆ. ಇಂಗ್ಲೆಂಡಿನ ಹೆಸರಾಂತ ಮಾಡೆಲ್ ಕೇಟ್ ಮಾಸ್ 1988ರಲ್ಲಿ ನ್ಯೂಯಾರ್ಕಿನ ವಿಮಾನ ನಿಲ್ದಾಣದಲ್ಲಿ ಏಜೆನ್ಸಿಯವರ ಕಣ್ಣಿಗೆ ಬಿದ್ದಾಗ ಅವಳಿಗೆ 14 ವರ್ಷ. ಆದರೆ ಕಾರ್ಡಿನ ಮೇಲಿರುವ ನಂಬರಿಗೆ ಫೋನ್ ಮಾಡಬೇಡ. ಏಜೆನ್ಸಿಯ ವೆಬ್‌ಸೈಟ್ ನೀನೇ ಹುಡುಕಿ, ಅಲ್ಲಿರುವ ಆಫೀಸಿನ ನಂಬರಿಗೆ ಮಾಡಿ, ಈ ಹೆಸರಿನವರು ನಿಮ್ಮಲ್ಲಿ ಇದ್ದಾರಾ ಅಂತ ಕೇಳು. ದೊಡ್ಡ ಏಜೆನ್ಸಿಯ ಹೆಸರು ಹೇಳಿಕೊಂಡು ಜಿಮೇಲ್ ವಿಳಾಸ ಕೊಡುವವರು ಬೇಕಾದಷ್ಟು ಜನ.

ಮೊದಲಿಗೆ ಪೋರ್ಟ್‌ಫೋಲಿಯೋ ಯಾರಿಗೂ ಬೇಕಾಗಿಲ್ಲ. ಏಜೆನ್ಸಿಗೆ ಬೇಕಾದ್ದು ‘ಡಿಜಿಟಲ್ಸ್’, ಅಂದರೆ ಅಲಂಕಾರವಿಲ್ಲದ ಸಾದಾ ಫೋಟೋಗಳು, ಹಳಬರು ಪೋಲರಾಯ್ಡ್ ಅನ್ನುತ್ತಾರೆ. ಅದನ್ನು ಭಾವನವರೇ ಫೋನಿನಲ್ಲಿ ತೆಗೆಯಬಹುದು. ಬಿಳಿ ಗೋಡೆ, ಕಿಟಕಿಯ ಬೆಳಕು ಎದುರಿನಿಂದ, ಫ್ಲ್ಯಾಶ್ ಬೇಡ. ಮೈಗೆ ಅಂಟುವ ಕಪ್ಪು ಬನಿಯನ್ನಿನಂಥ ಟಾಪು, ಬಿಗಿ ಜೀನ್ಸ್, ಬರಿಗಾಲು. ಪೌಡರ್, ಕಾಡಿಗೆ, ಜುಮುಕಿ ಯಾವುದೂ ಬೇಡ. ಕೂದಲು ಹಿಂದಕ್ಕೆ ಕಟ್ಟಿ ಒಂದು ಸುತ್ತು, ಬಿಟ್ಟು ಒಂದು ಸುತ್ತು. ಪೂರ್ತಿ ನಿಲುವು ಎದುರಿನಿಂದ, ಪಕ್ಕದಿಂದ, ಹಿಂದಿನಿಂದ, ಸೊಂಟದವರೆಗೆ ಒಂದು, ಮುಖ ನೇರ, ಪಕ್ಕ, ಒಂದು ನಗುತ್ತಾ. ಭಾವ ಹತ್ತಿರ ಹೋಗಿ ತೆಗೆದರೆ ಮೂಗು ದೊಡ್ಡದಾಗಿ ಕಿವಿ ಮಾಯವಾಗುತ್ತದೆ, ಹತ್ತಿರದಿಂದ ತೆಗೆದರೆ ಆಗುವುದೇ ಹಾಗೆ. ಮೂರು ಮೀಟರ್ ದೂರ ನಿಂತು, ಫೋನನ್ನು ಅವಳ ಎದೆಯ ಎತ್ತರಕ್ಕೆ ಹಿಡಿದು, ಎರಡು ಪಟ್ಟು ಜೂಮ್ ಮಾಡಲಿ. ತಲೆಯ ಮೇಲಿಂದ ತೆಗೆದರೆ ಕಾಲು ಗಿಡ್ಡ ಕಾಣುತ್ತದೆ. ಮುಖ ನುಣ್ಣಗೆ ಮಾಡುವ ಫಿಲ್ಟರ್ ಮೊದಲು ಆಫ್ ಮಾಡಿಸು.

ಅಳತೆಯೇ ಮುಖ್ಯ. ಗೋಡೆಗೆ ಹಿಮ್ಮಡಿ ಒತ್ತಿ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವಿಟ್ಟು ಗೆರೆ ಹಾಕು. ಎದೆ, ಸೊಂಟ, ನಿತಂಬ, ಪಾದ, ಎಲ್ಲ ಸೆಂಟಿಮೀಟರಿನಲ್ಲಿ. ಸೊಂಟ ಎಲ್ಲಿ ಅಂತ ತಿಳಿಯದಿದ್ದರೆ ಪಕ್ಕಕ್ಕೆ ಬಾಗಲು ಹೇಳು, ಮಡಿಕೆ ಬೀಳುವ ಜಾಗವೇ ಸೊಂಟ. ನಿತಂಬಕ್ಕೆ ಕಾಲು ಜೋಡಿಸಿ ನಿಲ್ಲಬೇಕು. ಟೇಪು ಬೆನ್ನ ಹಿಂದೆ ಜಾರುತ್ತದೆ, ಕನ್ನಡಿ ಇಟ್ಟುಕೋ. ಹೊಟ್ಟೆ ಒಳಗೆ ಎಳೆದುಕೊಂಡರೆ ಬೈಯಿ.

ಇಷ್ಟು ಪಟ್ಟು ಯಾಕೆಂದರೆ, ಫ್ಯಾಷನ್ ಷೋನ ಬಟ್ಟೆ ಹೊಲಿಯುವಾಗ ಯಾರು ಹಾಕುತ್ತಾರೆಂದು ಗೊತ್ತಿರುವುದಿಲ್ಲ. ಒಂದೇ ಅಳತೆಗೆ ಒಂದೇ ಪ್ರತಿ. ಮಾಡೆಲ್‌ನ ಅಳತೆಯ ಕಾರ್ಡಿನಲ್ಲಿ ಎರಡು ಸೆಂಟಿಮೀಟರ್ ಕಡಿಮೆ ಬರೆದಿದ್ದರೆ, ಬಟ್ಟೆ ಹಾಕಿ ನೋಡುವ ಫಿಟ್ಟಿಂಗ್‌ನಲ್ಲಿ ಪಕ್ಕದ ಜಿಪ್ ಅರ್ಧಕ್ಕೆ ನಿಲ್ಲುತ್ತದೆ. ಎಳೆದರೆ ಹಲ್ಲು ಬಿಟ್ಟುಕೊಳ್ಳುತ್ತದೆ. ಯಾರೂ ಬೈಯುವುದಿಲ್ಲ, ಅವಳನ್ನು ಕಳಿಸಿ ಇನ್ನೊಬ್ಬಳನ್ನು ಕರೆಯುತ್ತಾರೆ, ಅಷ್ಟೇ. ಗುಂಡುಪಿನ್ನು ಹಿಡಿದು ಮಂಡಿಯೂರಿದ ನಮ್ಮಂಥ ಹೊಲಿಗೆಯವರಿಗೆ ಹುಡುಗಿಯ ಮುಖ ನೋಡಲಾಗುವುದಿಲ್ಲ. ಅದಕ್ಕೆ ಉಪವಾಸ ಮದ್ದಲ್ಲ, ಮೂಳೆ ಸಣ್ಣಗಾಗುವುದಿಲ್ಲ. ಅವಳಿಗಿನ್ನೂ 16, ಬೆಳೆಯುವ ಮೈ. ಇದ್ದುದನ್ನು ಇದ್ದಂತೆ ಬರೆಯಿರಿ.

ಪುಟ್ಟಿ ಹೊಸಬರೆದುರು ಬಾಯಿ ಬಿಡುವುದಿಲ್ಲ, ಅವಳಿಗೆ ಇದೆಲ್ಲ ಹೇಗೆ ಅಂತ ಕೇಳಿದ್ದೀಯ. ಮಾತು ಬೇಕಾಗಿಲ್ಲ ಅಕ್ಕ. ಷೋಗೆ ಹುಡುಗಿಯರನ್ನು ಆರಿಸುವ ಕಾಸ್ಟಿಂಗ್ ಅಂದರೆ ಹೆಸರು, ವಯಸ್ಸು, ಎತ್ತರ ಹೇಳುವುದು, ಆ ತುದಿಗೆ ಹೋಗಿ ಬರುವುದು, ಅವರು ‘ಥ್ಯಾಂಕ್ಯೂ’ ಅನ್ನುವುದು. ಒಂದು ನಿಮಿಷ. ಬೇಡ ಎಂದರೆ ಕಾರಣ ಹೇಳುವುದಿಲ್ಲ. ಸಂಕೋಚದ ಹುಡುಗಿ ಅದನ್ನು ತನ್ನ ಕುಂದೆಂದು ತಿಳಿದು ಕೊರಗುತ್ತಾಳೆ, ಅದನ್ನು ಮೊದಲೇ ಹೇಳಿಡು. ನಡಿಗೆ ಕಲಿಯಬಹುದು. ಹೆದರಿದವಳು ನೆಲ ನೋಡುತ್ತಾಳೆ. ನೆಲ ನೋಡಿದರೆ ಭುಜ ಇಳಿಯುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಬಟ್ಟೆಯ ಅಂಚು ಕಾಲ್ಬೆರಳಿಗೆ ಸಿಕ್ಕುತ್ತದೆ. ಗೋಡೆಯ ಮೇಲೆ ಕಣ್ಣಿನ ಎತ್ತರಕ್ಕೊಂದು ಚುಕ್ಕೆ ಅಂಟಿಸಿ, 8-10 ಸೆಂಟಿಮೀಟರ್ ಹಿಮ್ಮಡಿಯಲ್ಲಿ ದಿನಕ್ಕೆ ಕಾಲು ಗಂಟೆ ನಡೆಯಲಿ. ಹೊಸ ಚಪ್ಪಲಿಯ ಅಟ್ಟೆಗೆ ಮರಳು ಕಾಗದ ಉಜ್ಜು, ಇಲ್ಲದಿದ್ದರೆ ಜಾರುತ್ತದೆ.

ನನ್ನ ಹೆದರಿಕೆ ಬೇರೆ. ಸಂಕೋಚದವರಿಗೆ ‘ಬೇಡ’ ಅನ್ನಲು ಬರುವುದಿಲ್ಲ. ಅದೇ ಕೇಟ್ ಮಾಸ್ 2022ರಲ್ಲಿ ಬಿಬಿಸಿ ರೇಡಿಯೊದಲ್ಲಿ ಹೇಳಿದಳು: ಸುಮಾರು 15ನೇ ವಯಸ್ಸಿನಲ್ಲಿ ಫೋಟೋಗ್ರಾಫರ್ ಒಳ ಉಡುಪು ತೆಗೆ ಎಂದಾಗ ಏನೋ ಸರಿಯಿಲ್ಲ ಅನ್ನಿಸಿ ಸಾಮಾನು ಎತ್ತಿಕೊಂಡು ಓಡಿಬಿಟ್ಟಳಂತೆ. ಅವಳೂ ಆಗ ನಾಚಿಕೆಯ ಹುಡುಗಿಯೇ. ಪುಟ್ಟಿಯಿಂದ ಮೂರು ಮಾತು ಗಟ್ಟಿಯಾಗಿ ಹೇಳಿಸು: ‘ಪಿನ್ ಚುಚ್ಚುತ್ತಿದೆ.’ ‘ಬಟ್ಟೆ ಬದಲಿಸಲು ಮರೆ ಬೇಕು.’ ‘ಅಮ್ಮ ಒಳಗಿರಬೇಕು.’ ಷೋ ದಿನ ಪರದೆಯ ಹಿಂದೆ ಒಂದೇ ದೊಡ್ಡ ಕೋಣೆಯಲ್ಲಿ ಎಲ್ಲರೂ ಬಟ್ಟೆ ಬದಲಿಸುತ್ತಾರೆ, ಎರಡು-ಮೂರು ನಿಮಿಷದಲ್ಲಿ. ಮೈಬಣ್ಣದ, ಹೊಲಿಗೆ ಕಾಣದ ಒಳ ಉಡುಪು ಹಾಕಿಕೊಂಡೇ ಹೋಗಬೇಕು. ಇದು ಅವಳಿಗೆ ಅಲ್ಲಿ ಹೋಗಿ ತಿಳಿಯುವುದಕ್ಕಿಂತ ನಿನ್ನಿಂದ ತಿಳಿಯಲಿ.

ಅವಸರ ಯಾಕೆ ಬೇಡ ಅಂದೆನೆಂದರೆ, ಇಲ್ಲಿಯವರಿಗೇ ಅವಸರವಿಲ್ಲ. ಗುಚ್ಚಿ, ಸಾಂ ಲೋರಾಂ ಇರುವ ಕೆರಿಂಗ್ ಕಂಪನಿ, ತಮ್ಮ ಷೋಗೆ 18 ತುಂಬದವರನ್ನು ತೆಗೆದುಕೊಳ್ಳುವುದಿಲ್ಲ ಅಂತ 2019ರಲ್ಲಿ ಹೇಳಿತು. ಅದಕ್ಕೆ ಮೊದಲು, 2017ರಲ್ಲಿ, ಅವರೂ, ಲೂಯಿ ವಿಟಾನ್ ಇರುವ ಎಲ್‌ವಿಎಂಎಚ್ ಕಂಪನಿಯವರೂ ಸೇರಿ ಬರೆದುಕೊಂಡ ಕಟ್ಟಳೆಯಲ್ಲಿ 16ರಿಂದ 18ರ ಹುಡುಗಿಯರಿಗೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಕೆಲಸವಿಲ್ಲ, ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು. ಮಾಡೆಲ್ ಆರೋಗ್ಯವಾಗಿದ್ದಾಳೆ ಎಂಬ ಡಾಕ್ಟರ ಸರ್ಟಿಫಿಕೇಟಂತೂ ಇಲ್ಲಿ ಸರ್ಕಾರದ್ದೇ ಕಾನೂನು. ಇನ್ನೊಂದು ತಮಾಷೆ: ಇಲ್ಲಿ ಜಾಹೀರಾತಿನಲ್ಲಿ ಮಾಡೆಲ್‌ನ ಮೈ ತೆಳ್ಳಗೋ ದಪ್ಪಗೋ ಮಾಡಿದ್ದರೆ ‘ತಿದ್ದಿದ ಫೋಟೋ’ ಅಂತ ಪಕ್ಕದಲ್ಲೇ ಅಚ್ಚು ಹಾಕಬೇಕು. ನಮ್ಮ ಕಡೆಯ ಮದುವೆ ಆಲ್ಬಮ್ಮುಗಳಿಗೆ ಇದು ಬಂದರೆ ಜಾಗವೇ ಸಾಲದು.

18 ತುಂಬದವಳ ಸಹಿಗೆ ನಮ್ಮ ಕಾನೂನಿನಲ್ಲಿ ಬೆಲೆಯಿಲ್ಲ, ಅದಕ್ಕೇ ನಿನ್ನ ಸಹಿ ಕೇಳುತ್ತಿದ್ದಾರೆ. ಕಾಗದದಲ್ಲಿ ಮೂರು ಜಾಗ ನೋಡು: ಎಷ್ಟು ವರ್ಷಕ್ಕೆ, ಫೋಟೋ ಎಲ್ಲೆಲ್ಲಿ ಎಷ್ಟು ದಿನ ಬಳಸುತ್ತಾರೆ, ಖರ್ಚು ಯಾರ ಲೆಕ್ಕಕ್ಕೆ. ಟಿಕೆಟ್ಟು, ಬಾಡಿಗೆ ‘ನಾವೇ ಕೊಡುತ್ತೇವೆ’ ಅಂದರೆ ಆಮೇಲೆ ಅವಳ ಸಂಪಾದನೆಯಲ್ಲಿ ಮುರಿದುಕೊಳ್ಳುತ್ತಾರೆ ಅಂತಲೇ ಅರ್ಥ. ಸೀಸನ್ ಮುಗಿಸಿ ಸಾಲ ಹೊತ್ತು ಊರಿಗೆ ಹೋಗುವ ಹುಡುಗಿಯರಿದ್ದಾರೆ. ಖಾಲಿ ಬಿಟ್ಟ ಜಾಗಕ್ಕೆ ಗೆರೆ ಎಳೆಯದೆ ಸಹಿ ಹಾಕಬೇಡ.

ಮುಂದೆ ಗಂಡು ಹೇಗೆ ಸಿಗುತ್ತದೆ ಎಂಬ ಅಜ್ಜಿಯ ಪ್ರಶ್ನೆಗೆ, ಮೊದಲು ಪಿಯುಸಿ ಮುಗಿಯಲಿ ಅಂತ ಹೇಳು. ಗಾಬರಿ ಬೇಡ, ನಾನಿದ್ದೇನೆ. ನಿಜವಾಗಿ ಗಾಬರಿ ಬೇಡ. ಆ ಕಾರ್ಡಿನ ಎರಡೂ ಬದಿಯ ಫೋಟೋ ಇವತ್ತೇ ಕಳಿಸು, ನಾಳೆ ಕೆಲಸದ ಕಡೆ ವಿಚಾರಿಸುತ್ತೇನೆ. ಬೆಳಗ್ಗೆ ಬೇಗ ಏಳಬೇಕು, ನಿಲ್ಲಿಸುತ್ತೇನೆ.

ನಿನ್ನ ತಂಗಿ