ಹಲ್ ಊರಿನ ಹಾಡುಗಾರ ಮತ್ತು ನಿನ್ನ ನಾಟಕ ತಂಡ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಅತ್ತೆ. ನಾಟಕ ತಂಡ ಮುಗಿಯಿತು, ಆರು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅಂದೆ. ಆಗ ನನಗೆ ಏನು ಹೇಳಬೇಕೋ ತೋಚಲಿಲ್ಲ. ರಾತ್ರಿಯೆಲ್ಲ ಅದೇ ಯೋಚನೆ.

ಪತ್ರದ ಜೊತೆ ಒಂದು ಸಿಡಿ ಇಟ್ಟಿದ್ದೇನೆ. ಹೆಸರು 'ದಿ ಲಾಸ್ಟ್ ಕಿಂಗ್ ಆಫ್ ಪಾಪ್', 2018ರಲ್ಲಿ ಬಂದದ್ದು. ಹಲ್‌ನ ಹಾಡುಗಾರ ಪಾಲ್ ಹೀಟನ್ ಹೌಸ್‌ಮಾರ್ಟಿನ್ಸ್ ಅನ್ನುವ ತಂಡದಲ್ಲಿ ಹಾಡಿದ್ದು, ಬ್ಯೂಟಿಫುಲ್ ಸೌತ್ ಅನ್ನುವ ತಂಡದಲ್ಲಿ ಹಾಡಿದ್ದು, ಆಮೇಲೆ ತನ್ನ ಹೆಸರಲ್ಲಿ ಮತ್ತು ಗಾಯಕಿ ಜ್ಯಾಕಿ ಅಬಾಟ್ ಜೊತೆ ಹಾಡಿದ್ದು, ಎಲ್ಲದರಿಂದ ಆರಿಸಿ ಒಂದೇ ಕಡೆ ಸೇರಿಸಿದ್ದಾರೆ. ಅಡುಗೆಮನೆಯಲ್ಲಿ ನಾನು ಹಾಕಿದಾಗೆಲ್ಲ ನೀನು 'ಅಮ್ಮನ ಹಾಡು' ಅಂತ ಬಾಗಿಲು ಹಾಕಿಕೊಳ್ಳುತ್ತಿದ್ದೆ, ನೆನಪಿದೆಯಾ?

ನಾನು 1996ರಲ್ಲಿ ದಾವಣಗೆರೆಯಿಂದ ಹಲ್‌ಗೆ ಜೂನಿಯರ್ ಡಾಕ್ಟರಾಗಿ ಬಂದೆ. ಇಂಗ್ಲೆಂಡಿನಲ್ಲೆಲ್ಲ ಕೆಂಪಗಿರುವ ಟೆಲಿಫೋನ್ ಬೂತ್ ಈ ಊರಲ್ಲಿ ಮಾತ್ರ ಕೆನೆ ಬಣ್ಣ. ಅದರೊಳಗೆ ನಿಂತು ಅಜ್ಜಿಗೆ ಫೋನ್ ಮಾಡಿ, ಹೊರಗೆ ಬಂದು ಅಳುತ್ತಿದ್ದೆ. ಆ ವರ್ಷವೇ ರೇಡಿಯೋದಲ್ಲಿ ಬ್ಯೂಟಿಫುಲ್ ಸೌತ್ ತಂಡದ 'ರಾಟರ್‌ಡ್ಯಾಮ್' ಹಾಡು ಬರತೊಡಗಿತು. ನಮ್ಮೂರ ಬಂದರಿನಿಂದ ಆ ಊರಿಗೆ ದಿನಾ ರಾತ್ರಿ ಹಡಗು ಹೋಗುತ್ತದಲ್ಲ, ಅದರ ಹಾಡೇ ಇರಬೇಕು ಅಂದುಕೊಂಡಿದ್ದೆ. ಗಮನವಿಟ್ಟು ಕೇಳಿದಾಗ ತಿಳಿಯಿತು: ಇದು ರಾಟರ್‌ಡ್ಯಾಮ್ ಆಗಿರಬಹುದು, ಬೇರೆ ಯಾವ ಊರೂ ಆಗಿರಬಹುದು ಅನ್ನುತ್ತದೆ ಹಾಡು. ಒಂಟಿ ಅನ್ನಿಸುವವರಿಗೆ ಎಲ್ಲ ಊರೂ ಒಂದೇ, ಅಲ್ವಾ? ಹಾಡಿದ ದನಿ ಜ್ಯಾಕಿಯದು. ಬರೆದದ್ದು ಹೀಟನ್ ಮತ್ತು ಡೇವ್ ರಾಥರೇ. ನಮ್ಮ ಭಾವಗೀತೆಗಳಲ್ಲಿ ಕವಿ ಒಬ್ಬರು, ರಾಗ ಹಾಕುವವರು ಇನ್ನೊಬ್ಬರು ಇರುತ್ತಾರಲ್ಲ, ಇವರದೂ ಹೆಚ್ಚುಕಡಿಮೆ ಹಾಗೇ. ಮಾತು ಹೀಟನ್‌ನದು.

ಅವನೂ ಹಲ್‌ನಲ್ಲಿ ಹುಟ್ಟಿದವನಲ್ಲ. ಹುಟ್ಟಿದ್ದು 1962ರಲ್ಲಿ, ಬ್ರಾಂಬರೋದಲ್ಲಿ. ಬಾಲ್ಯದಲ್ಲಿ ಶೆಫೀಲ್ಡ್‌ನಲ್ಲಿದ್ದ. ಹೊರಗಿನಿಂದ ಬಂದು ಈ ಊರನ್ನೇ ತನ್ನದು ಮಾಡಿಕೊಂಡ. ಅದಕ್ಕೇ ನನಗೆ ಅವನ ಮೇಲೆ ಅಷ್ಟು ಪ್ರೀತಿ. ಹೌಸ್‌ಮಾರ್ಟಿನ್ಸ್ ತಮ್ಮನ್ನು 'ಹಲ್‌ನ ನಾಲ್ಕನೇ ಒಳ್ಳೆಯ ಬ್ಯಾಂಡ್' ಅಂತ ಕರೆದುಕೊಳ್ಳುತ್ತಿದ್ದರು. 1986ರ ಮೊದಲ ಆಲ್ಬಮ್ಮಿಗೆ 'ಲಂಡನ್ 0 ಹಲ್ 4' ಅಂತ ಫುಟ್ಬಾಲ್ ಸ್ಕೋರಿನ ಹಾಗೆ ಹೆಸರಿಟ್ಟರು. ಅದೇ ಡಿಸೆಂಬರಿನಲ್ಲಿ ಒಂದೂ ವಾದ್ಯವಿಲ್ಲದೆ, ಬರೀ ಬಾಯಲ್ಲಿ ಹಾಡಿದ 'ಕ್ಯಾರವಾನ್ ಆಫ್ ಲವ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಎರಡು ವರ್ಷ ಕಳೆಯುವುದರೊಳಗೆ ತಂಡವೇ ಇಲ್ಲ! ಬಾಸ್ ಗಿಟಾರ್ ನುಡಿಸುತ್ತಿದ್ದ ನಾರ್ಮನ್ ಕುಕ್ ಮುಂದೆ ಫ್ಯಾಟ್‌ಬಾಯ್ ಸ್ಲಿಮ್ ಅನ್ನುವ ಹೆಸರಿನ ಡಿಜೆ ಆದ. ಹೀಟನ್ ಮತ್ತು ಡೇವ್ ಹೆಮಿಂಗ್ವೇ ಸೇರಿ ಬ್ಯೂಟಿಫುಲ್ ಸೌತ್ ಕಟ್ಟಿದರು.

ಆ ತಂಡದ 'ಓಲ್ಡ್ ರೆಡ್ ಐಸ್ ಈಸ್ ಬ್ಯಾಕ್' ನನಗೆ ವಾರ್ಡಿನಲ್ಲಿ ಪಾಠ ಹೇಳಿದ ಹಾಡು. ಕಣ್ಣು ಕೆಂಪಾದ ಮುದುಕ ಕುಡುಕ ಒಬ್ಬ ಸಾಯುತ್ತಾನೆ, ಸುತ್ತಮುತ್ತಲ ಪಬ್ಬಿನವರೆಲ್ಲ ಅಳುತ್ತಾರೆ. ಲಿವರ್ ಹಾಳಾಗಿ ಬಂದವರನ್ನು ನೋಡಿದಾಗ ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಈ ಹಾಡು ಕೇಳಿದ ಮೇಲೆ ಅವರ ಹಾಸಿಗೆ ಪಕ್ಕ ಕುರ್ಚಿ ಎಳೆದುಕೊಂಡು ಕೂರಲು ಕಲಿತೆ.

ಇನ್ನು 'ಎ ಲಿಟ್ಲ್ ಟೈಮ್'. 1990ರಲ್ಲಿ ಬ್ಯೂಟಿಫುಲ್ ಸೌತ್ ಮೊದಲ ಸ್ಥಾನ ಮುಟ್ಟಿದ ಹಾಡು. ಗಂಡಸು ಕೇಳುತ್ತಾನೆ: ಯೋಚನೆ ಮಾಡಲು ಸ್ವಲ್ಪ ಸಮಯ ಕೊಡು. ಹೆಣ್ಣು ಸುಮ್ನೆ ಕಾಯುವವಳಲ್ಲ, ಸಾಲಿಗೆ ಸಾಲು ಉತ್ತರ ಕೊಡುತ್ತಾಳೆ. ಕೊನೆಗೆ ಅವನು ವಾಪಸ್ ಬರುವ ಹೊತ್ತಿಗೆ, ಆ ಸಮಯದಲ್ಲಿ ಅವಳೂ ಯೋಚನೆ ಮಾಡಿದ್ದಾಳೆ. ಬೇಡ ಅನ್ನುವ ಧೈರ್ಯ ಬಂದಿದೆ. ಹಾಡಿದವಳು ಬ್ರಿಯಾನಾ ಕಾರಿಗನ್. ಹೀಟನ್‌ನ ಕೆಲವು ಸಾಲುಗಳು ಅವಳಿಗೆ ಒಪ್ಪಿಗೆಯಾಗಿರಲಿಲ್ಲ, ಮುಂದೆ ತಂಡ ಬಿಟ್ಟಳು. ಅವಳು ಬಿಟ್ಟದ್ದು ಸರಿ ಅಂತಲೇ ನನಗೆ ಅನ್ನಿಸುತ್ತದೆ. ಒಪ್ಪದ ಮಾತನ್ನು ದಿನಾ ಹಾಡುವುದು ಹೇಗೆ ಹೇಳು?

ಜ್ಯಾಕಿ ಬಂದದ್ದು ಆಮೇಲೆ. 2000ದಲ್ಲಿ ಅವಳೂ ಬಿಟ್ಟಳು. ಮಗನನ್ನು ನೋಡಿಕೊಳ್ಳಬೇಕಿತ್ತು, ಊರೂರು ಸುತ್ತುವುದು ಸಾಧ್ಯವಿರಲಿಲ್ಲ. 2007ರಲ್ಲಿ ಬ್ಯೂಟಿಫುಲ್ ಸೌತ್ ಕೂಡ ನಿಂತಿತು. ನಾಲ್ಕು ವರ್ಷದ ನಂತರ ಹೀಟನ್ ಅವಳನ್ನು ಮತ್ತೆ ಹಾಡಲು ಕರೆದ. 2014ರಲ್ಲಿ ಇಬ್ಬರ ಹೆಸರಲ್ಲೇ ಆಲ್ಬಮ್ ಬಂತು. 2020ರ 'ಮ್ಯಾಂಚೆಸ್ಟರ್ ಕಾಲಿಂಗ್' ನಂಬರ್ ಒನ್ ಆಯಿತು. ನೀನು ಚಿಕ್ಕವಳಿದ್ದಾಗ ನಾನು ಮೂರು ವರ್ಷ ಕೆಲಸ ಬಿಟ್ಟಿದ್ದೆ. ಮತ್ತೆ ಆಸ್ಪತ್ರೆಗೆ ಹೋಗುವ ಮೊದಲ ದಿನ ಕೈ ನಡುಗುತ್ತಿತ್ತು. ಅದಕ್ಕೇ ಜ್ಯಾಕಿ ವಾಪಸ್ ಬಂದು ಹಾಡಿದ್ದನ್ನು ಕೇಳುವಾಗ ನನಗೆ ಈಗಲೂ ಕಣ್ಣು ತುಂಬುತ್ತದೆ.

ಸಿಡಿಯನ್ನು ಮೊದಲಿಂದ ಕೊನೆವರೆಗೆ ಒಮ್ಮೆ ಕೇಳು. ಯಾವ ಹಾಡು ಯಾವ ತಂಡದ್ದು ಅಂತ ಕವರ್ ನೋಡದೆ ಹೇಳಲು ಪ್ರಯತ್ನಿಸು. ನನಗೆ ಎಷ್ಟೋ ಸಲ ತಪ್ಪುತ್ತದೆ. ಬಾರಿಸುವವರು ಬದಲಾಗಿದ್ದಾರೆ, ಹೆಸರು ಬದಲಾಗಿದೆ, ಮಾತಾಡುವ ರೀತಿ ಮಾತ್ರ ಅದೇ ಮನುಷ್ಯನದು. ನಿನ್ನ ನಾಟಕಗಳಲ್ಲಿ ಅಡುಗೆಮನೆಯ ಜಗಳಗಳನ್ನು ನೀನು ಬರೆಯುತ್ತೀಯಲ್ಲ, ಆ ಮಾತುಗಳನ್ನು ಬೇರೆ ಯಾರೂ ಬರೆಯಲಾರರು. ತಂಡ ಹೋಯಿತು, ಸರಿ. ಅವು ನಿನ್ನ ಹತ್ತಿರವೇ ಇವೆ.

ಶುಕ್ರವಾರ ಸಂಜೆ ರೈಲು ಹಿಡಿ. ಪ್ಯಾರಗನ್ ಸ್ಟೇಷನ್ನಿಗೆ ಅಪ್ಪ ಕಾರು ತರುತ್ತಾರೆ. ಬರುವಾಗ ನಾಟಕದ ಹಳೆಯ ಪುಸ್ತಕಗಳನ್ನೆಲ್ಲ ತಾ, ಅರ್ಧ ಬರೆದು ಬಿಟ್ಟದ್ದನ್ನೂ. ನಿನ್ನ ಕೋಣೆಯ ಮೇಜು ಖಾಲಿ ಮಾಡಿ ಒರೆಸಿಟ್ಟಿದ್ದೇನೆ.

ನಿನ್ನ
ಅಮ್ಮ