ಆ ಮೇಣದಬತ್ತಿ ಯಾಕೆ ಅಂತಲೂ ಬರೆಯಿರಿ

ಸಂಪಾದಕರೇ,

ಯುರೋಪಿನ ಹಳೆಯ ಚಿತ್ರಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ನಾನು ಬಿಡದೆ ಓದುತ್ತೇನೆ. ನೆರಳು-ಬೆಳಕು, ಬಣ್ಣ, ಶೈಲಿ ಎಲ್ಲ ಇರುತ್ತದೆ. ಆದರೆ ಚಿತ್ರದಲ್ಲಿರುವ ಜನ ಏನು ಮಾಡುತ್ತಿದ್ದಾರೆ ಅನ್ನೋದನ್ನೇ ಯಾರೂ ಹೇಳುವುದಿಲ್ಲ. ಸಾಯುವವರ ಹಾಸಿಗೆಯ ಚಿತ್ರಗಳಲ್ಲಂತೂ ಇದು ದೊಡ್ಡ ಕೊರತೆ. ಅಲ್ಲಿ ನಡೆಯುವ ವಿಧಿಯೇ ಚಿತ್ರದ ಜೀವ ಅಲ್ವಾ?

ನೆದರ್ಲೆಂಡ್ಸ್ ಕಡೆಯ ಚಿತ್ರಕಾರ ಬ್ರೂಗೆಲ್ 1564ರ ಸುಮಾರಿಗೆ ಬರೆದ, ಯೇಸುವಿನ ತಾಯಿ ಮೇರಿಯ ಮರಣದ ಚಿತ್ರವನ್ನೇ ನೋಡಿ. ಈಗ ಇಂಗ್ಲೆಂಡಿನ ಅಪ್ಟನ್ ಹೌಸ್‌ನಲ್ಲಿದೆ. ಅಗಲ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಬಣ್ಣಗಳಿಲ್ಲ, ಬರೀ ಬೂದು ಛಾಯೆ. ಕೋಣೆ ತುಂಬ ಜನ ಮಂಡಿಯೂರಿದ್ದಾರೆ, ಯೇಸುವಿನ ಶಿಷ್ಯ ಸಂತ ಪೀಟರ್ ಬಗ್ಗಿ ಮೇರಿಯ ಕೈಗೆ ಉರಿಯುವ ಮೇಣದಬತ್ತಿ ಕೊಡುತ್ತಿದ್ದಾನೆ, ಒಬ್ಬ ಹೆಂಗಸು ದಿಂಬು ಸರಿಮಾಡುತ್ತಿದ್ದಾಳೆ, ಬೆಂಕಿಗೂಡಿನ ಹತ್ತಿರ ಒಂದು ಬೆಕ್ಕೂ ಇದೆ. ಕಥೆ ಒಂದನೇ ಶತಮಾನದ್ದು, ಮನೆ ಮಾತ್ರ ಬ್ರೂಗೆಲ್ ಕಾಲದ್ದು. ಸಾಯುವವರ ಕೈಯಲ್ಲಿ ದೀಪ ಹಿಡಿಸುವುದು ಅವನ ಊರಿನ ಕಡೆ ನಡೆಯುತ್ತಿದ್ದ ರೂಢಿ. ಅದು ಗೊತ್ತಿಲ್ಲದವರಿಗೆ ಆ ಬತ್ತಿ ಸುಮ್ನೆ ಬೆಳಕಿಗೆ ಇಟ್ಟ ಹಾಗೆ ಕಾಣುತ್ತದೆ. ಈ ಚಿತ್ರ ನಕಾಶೆಗಳಿಗೆ ಹೆಸರಾದ ಆರ್ಟೀಲಿಯಸ್ ಬಳಿ ಇತ್ತು. ಬ್ರೂಗೆಲ್ ತೀರಿಕೊಂಡ ಮೇಲೆ, 1574ರಲ್ಲಿ, ಅವನು ಇದರ ಅಚ್ಚು ತೆಗೆಸಿ ಗೆಳೆಯರಿಗೆ ಹಂಚಿದ. ಸಾವಿನ ಚಿತ್ರವನ್ನು ಗೆಳೆಯರಿಗೆ ಪ್ರೀತಿಯಿಂದ ಕೊಡುತ್ತಿದ್ದ ಕಾಲ ಅದು!

ಅದಕ್ಕೂ ಮೊದಲು, 1450ರ ಆಸುಪಾಸಿನಲ್ಲಿ, ಚೆನ್ನಾಗಿ ಸಾಯುವುದು ಹೇಗೆ ಅಂತ ಕಲಿಸುವ ಮರದಚ್ಚಿನ ಪುಸ್ತಕಗಳು ಬಂದಿದ್ದವು. ಅದರ ಕೊನೆಯ ಚಿತ್ರದಲ್ಲೂ ಇದೇ ಮೇಣದಬತ್ತಿ. ಪುಟ್ಟ ಮಗುವಿನಂಥ ಆತ್ಮವನ್ನು ದೇವದೂತರು ಎತ್ತಿಕೊಳ್ಳುತ್ತಾರೆ, ಪಿಶಾಚಿಗಳು ಕೈಗೆ ಸಿಗಲಿಲ್ಲವಲ್ಲ ಅಂತ ಚೀರಾಡುತ್ತವೆ.

ಇಂಥ ಚಿತ್ರಗಳಲ್ಲಿ ಬರುವ ಇನ್ನೊಂದು ವಿಧಿ, ಸಾಯುವವರಿಗೆ ಪಾದ್ರಿ ಪವಿತ್ರ ಎಣ್ಣೆ ಹಚ್ಚುವುದು. ಅದರ ಹಿಂದೆ ದೊಡ್ಡ ಜಗಳವೇ ಇದೆ. ಇದು ಕ್ರಿಸ್ತನೇ ಸ್ಥಾಪಿಸಿದ ಸಂಸ್ಕಾರವೇ ಅಲ್ಲ ಅಂದ ಜರ್ಮನಿಯ ಧರ್ಮಸುಧಾರಕ ಲೂಥರ್, 1520ರಲ್ಲಿ. ಹೌದು, ಸಂಸ್ಕಾರವೇ ಅಂತ 1551ರಲ್ಲಿ ಕ್ಯಾಥೊಲಿಕ್ ಧರ್ಮಗುರುಗಳ ಟ್ರೆಂಟ್ ಸಭೆ ಖಡಾಖಂಡಿತವಾಗಿ ಹೇಳಿತು. ಮುಂದೆ 1644ರಲ್ಲಿ ಫ್ರೆಂಚ್ ಚಿತ್ರಕಾರ ಪೂಸ್ಸಾನ್ ಇದೇ ವಿಧಿಯನ್ನು ಬರೆದಾಗ ಹಾಸಿಗೆಯಲ್ಲಿ ಮಲಗಿಸಿದ್ದು ಪುರಾತನ ರೋಮಿನ ಒಬ್ಬ ಸೈನಿಕನನ್ನು. ಗೋಡೆಯ ಮೇಲೆ ಅವನ ಗುರಾಣಿ, ಅದರಲ್ಲಿ ಕ್ರಿಸ್ತನ ಗುರುತು. ಈ ಆಚರಣೆ ನಿನ್ನೆ ಮೊನ್ನೆಯದಲ್ಲ, ಮೊದಲ ಕ್ರೈಸ್ತರ ಕಾಲದ್ದು ಅಂತ ಆ ಚಿತ್ರ ವಾದ ಮಾಡುತ್ತಿದೆ ಅಂತಲೇ ನನಗನ್ನಿಸುತ್ತದೆ. ಜಗಳ ತಿಳಿಯದೆ ಗುರಾಣಿ ನೋಡಿದರೆ ಏನು ಅರ್ಥವಾದೀತು?

ಇಟಲಿಯ ಚಿತ್ರಕಾರ ಕರಾವಜ್ಜೊ ಬರೆದ ಮೇರಿಯ ಮರಣದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಊದಿಕೊಂಡ ದೇಹ, ಆ ಚಿತ್ರವೇ ಬೇಡ ಅಂದ ಕಾರ್ಮೆಲೈಟ್ ಪಂಥದ ಸನ್ಯಾಸಿಗಳು, ಇಷ್ಟೇ. ಅಲ್ಲಿ ಅವಳ ಕೈಯಲ್ಲಿ ಬತ್ತಿ ಇಲ್ಲ, ವಿಧಿ ನಡೆಸುವವರೂ ಇಲ್ಲ. ಬ್ರೂಗೆಲ್ ಪಕ್ಕದಲ್ಲಿಟ್ಟು ನೋಡಿದರೆ ತಾನೇ ಅದು ಕಣ್ಣಿಗೆ ಬೀಳುವುದು?

ನನ್ನ ಕೋರಿಕೆ ಸಣ್ಣದು. ಇಂಥ ಚಿತ್ರ ಹಾಕಿದಾಗ ವಿಧಿಯನ್ನೂ ನಾಲ್ಕು ಸಾಲಿನಲ್ಲಿ ವಿವರಿಸಿ. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆಗಳಿಗೆ ಈಗಲೂ ಪಾದ್ರಿಗಳು ಎಣ್ಣೆ ತೆಗೆದುಕೊಂಡು ಹೋಗುತ್ತಾರೆ. ಅವರಲ್ಲಿ ಯಾರಿಂದಾದರೂ ಒಮ್ಮೆ ಬರೆಸಿ.

– ನಿಮ್ಮ ಓದುಗ, ಮೈಸೂರು