ಸ್ಪೀಕರ್ ಕೊಳ್ಳಲು ವ್ಯಾಟ್ ನೋಡಿದರೆ ಸಾಲದು

ಮಾನ್ಯ ಸಂಪಾದಕರೇ,

ಹಬ್ಬ ಹತ್ತಿರವಾದಂತೆ ಪತ್ರಿಕೆಗಳ ತುಂಬ ಬ್ಲೂಟೂತ್ ಸ್ಪೀಕರ್‌ಗಳ ಜಾಹೀರಾತು. ದಪ್ಪಕ್ಷರದಲ್ಲಿ ಎರಡೇ ಸಂಗತಿ: ಇಷ್ಟು ವ್ಯಾಟ್, ಇಷ್ಟು ಗಂಟೆ ಬ್ಯಾಟರಿ. ಗ್ಯಾಜೆಟ್ ಅಂಕಣಗಳೂ ಬಹಳಷ್ಟು ಸಲ ಇವನ್ನೇ ಹಾಗೆಯೇ ಬರೆದುಬಿಡುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿ ನೋಡಿ. 2,600 ಎಂಎಎಚ್‌ನ 3.7 ವೋಲ್ಟ್ ಲಿಥಿಯಂ ಸೆಲ್‌ನಲ್ಲಿ ಇರುವುದು ಸುಮಾರು 9.6 ವ್ಯಾಟ್-ಗಂಟೆ. ಅಂಥ ಒಂದು ಸೆಲ್ ಇರುವ ಸ್ಪೀಕರಿನ ಡಬ್ಬದ ಮೇಲೆ ‘10 ವ್ಯಾಟ್, 12 ಗಂಟೆ’ ಎಂದಿದ್ದರೆ, ಅಷ್ಟು ಹೊತ್ತು ಬಾಳಲು ಅದು ಸರಾಸರಿ 0.8 ವ್ಯಾಟ್ ಮಾತ್ರ ಎಳೆಯಬೇಕು. ಹತ್ತು ವ್ಯಾಟ್‌ನ ಜೋರು ಬೇಕೆಂದರೆ ಹನ್ನೆರಡು ಗಂಟೆಯ ಆಸೆ ಬಿಡಬೇಕು. ‘ಪಿಎಂಪಿಒ’ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಬರೆದ ಸಂಖ್ಯೆಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ; ಹೋಲಿಕೆಗೆ ಬರುವುದು ಸತತವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುವ ‘ಆರ್‌ಎಂಎಸ್’ ಒಂದೇ.

ಇನ್ನು ದನಿ. ಅಂಗಡಿಯ ಢಂಢಂ ಡೆಮೊ ಹಾಡಿನಿಂದ ಏನೂ ತಿಳಿಯದು. ಮೃದಂಗವಿರುವ ಕಛೇರಿಯ ಒಂದು ತುಣುಕು, ವಾರ್ತೆ ಓದುವ ಗಂಡುದನಿ, ಇವೆರಡನ್ನು ಫೋನಿಗೆ ಇಳಿಸಿಕೊಂಡು ಹೋಗಿ. ಈಕ್ವಲೈಸರ್ (ಫೋನಿನಲ್ಲಿ ದನಿ ತಿದ್ದುವ ಸೆಟ್ಟಿಂಗ್) ಆಫ್ ಇರಲಿ. ಎರಡು ಸ್ಪೀಕರ್ ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಲೇಬೇಕು, ಏಕೆಂದರೆ ತುಸು ಜೋರಾಗಿರುವುದೇ ಕಿವಿಗೆ ಒಳ್ಳೆಯದೆನಿಸುತ್ತದೆ. ಮೊದಲು ಅರ್ಧ ವಾಲ್ಯೂಮ್‌ನಲ್ಲಿ ಕೇಳಿ, ಆಮೇಲೆ ಪೂರ್ತಿಗೆ ಏರಿಸಿ. 45 ಮಿಲಿಮೀಟರ್‌ನ ಅದುರಿ ಸದ್ದು ಹೊರಡಿಸುವ ಪುಟ್ಟ ಕೋನ್‌ಗೆ ಮಂದ್ರದ ನಾದಕ್ಕೆ ಬೇಕಾದಷ್ಟು ಗಾಳಿ ತಳ್ಳುವ ಶಕ್ತಿಯಿಲ್ಲ. ಕಡಿಮೆ ವಾಲ್ಯೂಮ್‌ನಲ್ಲಿ ಹಲವು ಸ್ಪೀಕರುಗಳ ಒಳಗಿನ ಸರ್ಕ್ಯೂಟ್ ಬಾಸ್ (ಮಂದ್ರದ ಸದ್ದು) ಹೆಚ್ಚಿಸಿ ಕೊರತೆ ಮುಚ್ಚುತ್ತದೆ. ಜೋರು ಮಾಡಿದಾಗ ಕೋನ್ ಹರಿಯದಿರಲೆಂದು ಅದೇ ಸರ್ಕ್ಯೂಟ್ ಬಾಸ್ ಇಳಿಸುತ್ತದೆ. ಆಗ ಮೃದಂಗದ ಎಡಮುಖವಾದ ತೊಪ್ಪಿಯ ನಾದ ಅಡಗಿ ಬಲಮುಖದ ಚುರುಕು ಪೆಟ್ಟು ಮಾತ್ರ ಉಳಿಯುತ್ತದೆ. ಎಷ್ಟು ವಾಲ್ಯೂಮ್‌ಗೆ ಹೀಗಾಗುತ್ತದೋ ಅದೇ ಆ ಸ್ಪೀಕರ್‌ನ ನಿಜವಾದ ಮಿತಿ. ವಾರ್ತೆಯಲ್ಲಿ ‘ಸ’, ‘ಶ’ ಕಿವಿಗೆ ಚುಚ್ಚಬಾರದು, ದನಿ ಕೊಡದೊಳಗಿಂದ ಬಂದಂತಿರಬಾರದು. ಗೋಡೆಯ ಮೂಲೆಗೆ ಒತ್ತಿಟ್ಟರೆ ಯಾವುದಕ್ಕಾದರೂ ಬಾಸ್ ಹೆಚ್ಚುತ್ತದೆ, ಅದಕ್ಕೇ ಶೆಲ್ಫಿನಿಂದ ಕೆಳಗಿಳಿಸಿ ಕೇಳಿಸಲು ಹೇಳಿ.

ಫೋನಿನ ಕೀಬೋರ್ಡ್ ಆ್ಯಪ್‌ನಲ್ಲಿ ಸ್ವರ ಅಭ್ಯಾಸ ಮಾಡುವವರಿಗೆ ಬ್ಲೂಟೂತ್ ಹೊಂದದು. ಬೆರಳು ಒತ್ತಿದ ಮೇಲೆ ಸ್ವರ ಬರಲು ಸುಮಾರು ಐದನೇ ಒಂದು ಸೆಕೆಂಡ್ ತಡವಾಗುವುದು ಸಾಮಾನ್ಯ. ಅಂಥವರು ವೈರಿನಿಂದ ಫೋನ್ ಜೋಡಿಸುವ ಆಕ್ಸ್ ತೂತು ಇರುವ ಸ್ಪೀಕರನ್ನೇ ಆರಿಸಬೇಕು. ತಂಬೂರಿ ಆ್ಯಪ್‌ಗೆ ಈ ತೊಂದರೆಯಿಲ್ಲ.

ಚಾರ್ಜಿಂಗ್‌ನಲ್ಲೊಂದು ಗುಟ್ಟಿದೆ. ಎರಡೂ ತುದಿ ಟೈಪ್-ಸಿ ಇರುವ ಕೇಬಲ್ ಚುಚ್ಚಿದರೆ ಕೆಲವು ಅಗ್ಗದ ಸ್ಪೀಕರ್‌ಗಳು ಚಾರ್ಜ್ ಆಗುವುದೇ ಇಲ್ಲ. ಕೆಟ್ಟಿದೆಯೆಂದು ಜನ ರಿಪೇರಿಗೆ ತರುತ್ತಾರೆ. ಪೋರ್ಟಿನ ಬಳಿ ಇರಬೇಕಾದ 5.1 ಕಿಲೋ-ಓಮ್‌ನ ಎರಡು ರೆಸಿಸ್ಟರ್‌ಗಳನ್ನು ತಯಾರಕರು ಕೈಬಿಟ್ಟಿರುತ್ತಾರೆ, ಅಷ್ಟೇ; ಅವಿಲ್ಲದಿದ್ದರೆ ಟೈಪ್-ಸಿ ಚಾರ್ಜರ್ ಕರೆಂಟ್ ಬಿಡುವುದಿಲ್ಲ. ಹಳೆಯ ಚಪ್ಪಟೆ ಯುಎಸ್‌ಬಿ ತುದಿಯ ಕೇಬಲ್‌ನಲ್ಲಿ ಅದೇ ಸ್ಪೀಕರ್ ಚಾರ್ಜ್ ಆಗುತ್ತದೆ. ಕೊಳ್ಳುವ ಮೊದಲು ಎರಡೂ ಬಗೆಯ ಕೇಬಲ್ ಚುಚ್ಚಿ ನೋಡಿ.

ನೀರು ತಡೆಯುವ ಶಕ್ತಿ ಸೂಚಿಸುವ ‘ಐಪಿಎಕ್ಸ್7’ ಗುರುತು ಎಂದರೆ ಒಂದು ಮೀಟರ್ ಆಳದ ಸಿಹಿನೀರಿನಲ್ಲಿ 30 ನಿಮಿಷ ಮುಳುಗಿದರೂ ತಾಳುತ್ತದೆ ಎಂದರ್ಥ. ಧೂಳಿನ ಪರೀಕ್ಷೆ ಅದರಲ್ಲಿ ಸೇರಿಲ್ಲ. ಮಲ್ಪೆಗೋ ಕಾರವಾರಕ್ಕೋ ಒಯ್ದು ಕಡಲನೀರು ತಗುಲಿದರೆ ಸಿಹಿನೀರಿನಲ್ಲಿ ತೊಳೆದು, ಪೋರ್ಟ್ ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗಿಡಬೇಕು. ಒದ್ದೆ ಪೋರ್ಟಿಗೆ ಕರೆಂಟ್ ಕೊಟ್ಟರೆ ಪಿನ್‌ಗಳು ಕಿಲುಬು ಹಿಡಿಯುತ್ತವೆ.

ನಿಮ್ಮ ಅಂಕಣದಲ್ಲಿ ಮುಂದೆ ಸ್ಪೀಕರ್ ವಿಮರ್ಶೆ ಬಂದಾಗ ಬ್ಯಾಟರಿಯ ಗಂಟೆಗಳನ್ನು ಎಷ್ಟು ವಾಲ್ಯೂಮ್‌ನಲ್ಲಿ ಅಳೆದದ್ದು, ಬಾಸ್ ಎಲ್ಲಿ ಕುಸಿಯಿತು ಎಂಬ ಎರಡು ಸಾಲು ಸೇರಿಸಬೇಕೆಂದು ಕೋರುತ್ತೇನೆ.

— ಧ್ವನಿ ಉಪಕರಣಗಳ ರಿಪೇರಿ ಕೆಲಸಗಾರ, ಶಿವಮೊಗ್ಗ